ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಹಾಯಿಹಡಗುಗಳ ಯುದ್ಧಚಿತ್ರಗಳನ್ನು ಓದುವ ಬಗೆ

ಹಾಯಿಹಡಗುಗಳ ಕಾಲದ ಸಮುದ್ರ ಸಾಹಸದ ಚಿತ್ರ ನೋಡಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಫಿರಂಗಿ, ಹೊಗೆ, ಕತ್ತಿವರಸೆ, ಮುರಿದು ಬೀಳುವ ಕೂವೆಕಂಬ. ಆದರೆ ಎದುರಿಗೇ ಕಾಣುವ ಶತ್ರುವಿನತ್ತ ಹಡಗು ಯಾಕೆ ನೇರವಾಗಿ ಹೋಗುತ್ತಿಲ್ಲ, ನಾಯಕ ಯಾಕೆ ಮತ್ತೆ ಮತ್ತೆ ಮೇಲೆ ನೋಡುತ್ತಾನೆ, ದೊಡ್ಡ ಹಡಗಿನಿಂದ ಚಿಕ್ಕ ಹಡಗು ಹೇಗೆ ತಪ್ಪಿಸಿಕೊಂಡಿತು ಎಂದು ಕೇಳಿದರೆ ಬಹಳ ಮಂದಿಗೆ ಉತ್ತರ ಹೊಳೆಯುವುದಿಲ್ಲ. ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಗಾಳಿಯಲ್ಲಿದೆ. ಕಥೆಯ ತಿರುವುಗಳನ್ನು ಗಾಳಿ ನಿರ್ಧರಿಸುವ ಚಿತ್ರ ಈ ಪ್ರಕಾರಕ್ಕೆ ನಿಷ್ಠವಾದ ಚಿತ್ರ. ಗಾಳಿ ಬರೀ ಹಾಯಿ ಉಬ್ಬಿಸುವ ಅಲಂಕಾರವಾಗಿ ಉಳಿದರೆ ಅದು ಕಡಲಿನ ಪರದೆ ಕಟ್ಟಿಕೊಂಡ ಕತ್ತಿಕಾಳಗದ ಚಿತ್ರ. ಈ ಟಿಪ್ಪಣಿಯಲ್ಲಿ ನಾನು ಹಿಡಿದಿರುವ ಅಳತೆಗೋಲು ಇಷ್ಟೇ.

ಉದಾಹರಣೆಗೆ ಆರಿಸಿಕೊಂಡಿರುವುದು 2003ರ ‘ಮಾಸ್ಟರ್ ಅಂಡ್ ಕಮಾಂಡರ್: ದ ಫಾರ್ ಸೈಡ್ ಆಫ್ ದ ವರ್ಲ್ಡ್’. ನಿರ್ದೇಶಕ ಆಸ್ಟ್ರೇಲಿಯಾದ ಪೀಟರ್ ವಿಯರ್. ಪ್ಯಾಟ್ರಿಕ್ ಓಬ್ರಿಯನ್ ಬರೆದ ಕಾದಂಬರಿ ಮಾಲೆ ಅದರ ಆಧಾರ. ಕ್ಯಾಪ್ಟನ್ ಜ್ಯಾಕ್ ಆಬ್ರಿಯಾಗಿ ರಸಲ್ ಕ್ರೋವ್, ಹಡಗಿನ ವೈದ್ಯ ಸ್ಟೀಫನ್ ಮ್ಯಾಚುರಿನ್ ಆಗಿ ಪಾಲ್ ಬೆಟನಿ ಇದ್ದಾರೆ. ಕಾಲ 1805, ನೆಪೋಲಿಯನ್ ಯುದ್ಧಗಳ ನಡುವೆ. 28 ಫಿರಂಗಿಗಳ ಬ್ರಿಟಿಷ್ ಫ್ರಿಗೇಟ್ (ವೇಗದ, ಮಧ್ಯಮ ಗಾತ್ರದ ಯುದ್ಧನೌಕೆ) ‘ಸರ್ಪ್ರೈಸ್’ ಬ್ರೆಜಿಲ್ ಕರಾವಳಿಯಿಂದ ಹಿಡಿದು ದಕ್ಷಿಣ ಅಮೆರಿಕದ ದಕ್ಷಿಣ ತುದಿಯಾದ ಕೇಪ್ ಹಾರ್ನ್ ಸುತ್ತಿ ಗ್ಯಾಲಪಗೋಸ್ ದ್ವೀಪಗಳವರೆಗೆ, ತನಗಿಂತ ದೊಡ್ಡದೂ ಗಟ್ಟಿಯೂ ಆದ ಫ್ರೆಂಚ್ ಹಡಗು ‘ಅಕೆರಾನ್’ನ ಬೆನ್ನು ಹತ್ತುತ್ತದೆ. ಕಥೆ ಇಷ್ಟೇ ಎಂದು ಹೇಳಿಬಿಡಬಹುದು.

ಮೊದಲು ಗಾಳಿಯ ಲೆಕ್ಕ

ಆ ಕಾಲದ ಯುದ್ಧನೌಕೆಗಳ ದೊಡ್ಡ ಹಾಯಿಗಳು ಚೌಕಾಕಾರದವು. ಕೂವೆಕಂಬಕ್ಕೆ ಅಡ್ಡವಾಗಿ ಕಟ್ಟಿದ ಮರಗಳಿಂದ ಅವು ಇಳಿಬಿದ್ದಿರುತ್ತವೆ. ಹಿಂದಿನಿಂದಲೋ ಓರೆಯಾಗಿ ಪಕ್ಕದಿಂದಲೋ ಬೀಸುವ ಗಾಳಿಗೆ ಇವು ಅದ್ಭುತವಾಗಿ ಕೆಲಸ ಮಾಡುತ್ತವೆ, ಎದುರುಗಾಳಿಗೆ ಮಾತ್ರ ನಿಸ್ಸಹಾಯಕ. ನಾವಿಕರ ದಿಕ್ಸೂಚಿಯಲ್ಲಿ 32 ಪಾಯಿಂಟ್‌ಗಳಿರುತ್ತವೆ, ಒಂದೊಂದೂ 11¼ ಡಿಗ್ರಿ. ಇಂಥ ಹಡಗು ಗಾಳಿ ಬರುವ ದಿಕ್ಕಿಗೆ ಸುಮಾರು ಆರು ಪಾಯಿಂಟ್‌ಗಿಂತ, ಅಂದರೆ ಸುಮಾರು 67 ಡಿಗ್ರಿಗಿಂತ, ಹತ್ತಿರಕ್ಕೆ ಮೂತಿ ತಿರುಗಿಸಲಾರದು. ಎರಡೂ ಬದಿ ಸೇರಿಸಿದರೆ ಸುಮಾರು 135 ಡಿಗ್ರಿಯಷ್ಟು ಸಮುದ್ರ ಅದಕ್ಕೆ ಮುಚ್ಚಿದ ಬಾಗಿಲು. ಆ ಕಡೆಗೆ ಹೋಗಲೇಬೇಕಾದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಸಾಗಬೇಕು. ಪ್ರತಿ ತಿರುವಿನಲ್ಲೂ ಹತ್ತಾರು ಜನ ಏಕಕಾಲಕ್ಕೆ ಹಗ್ಗ ಎಳೆಯಬೇಕು. ತಿರುವು ಅರ್ಧಕ್ಕೆ ನಿಂತರೆ ಹಡಗು ಗಾಳಿಗೆ ಮುಖಕೊಟ್ಟು ಅಲ್ಲಾಡದೆ ನಿಂತುಬಿಡುತ್ತದೆ, ಶತ್ರುವಿಗೆ ಸುಲಭದ ಗುರಿಯಾಗುತ್ತದೆ.

ಇಲ್ಲಿಂದಲೇ ಈ ಚಿತ್ರಗಳಲ್ಲಿ ಪದೇ ಪದೇ ಕೇಳಿಬರುವ ‘ವೆದರ್ ಗೇಜ್’ ಎಂಬ ಮಾತು ಹುಟ್ಟುವುದು. ಎರಡು ಹಡಗುಗಳಲ್ಲಿ ಗಾಳಿ ಬರುವ ಕಡೆ ಇರುವ ಹಡಗಿಗೆ ಆ ಅನುಕೂಲವಿದೆ ಎಂದು ಅರ್ಥ. ಯಾವಾಗ ಮೇಲೆರಗಬೇಕು, ಎಷ್ಟು ಹತ್ತಿರ ಹೋಗಬೇಕು ಎಂಬ ತೀರ್ಮಾನ ಅದರ ಕೈಯಲ್ಲಿ. ಫಿರಂಗಿಗಳ ಹೊಗೆ ತನ್ನ ಕಡೆ ನಿಲ್ಲದೆ ಶತ್ರುವಿನ ಕಣ್ಣಿಗೆ ಕವಿಯುತ್ತದೆ. ಗಾಳಿ ಹೋಗುವ ಕಡೆ ಇರುವ ಹಡಗಿಗೆ ಉಳಿಯುವ ದೊಡ್ಡ ಅನುಕೂಲವೆಂದರೆ ಸೋತಾಗ ಗಾಳಿಯ ಜೊತೆ ಜಾರಿಕೊಳ್ಳುವುದು. ಬ್ರಿಟಿಷರು ಸಾಮಾನ್ಯವಾಗಿ ಮೊದಲಿನ ಜಾಗವನ್ನು ಬಯಸಿ ಶತ್ರುವಿನ ಒಡಲಿಗೆ ಗುಂಡು ಹೊಡೆಯುತ್ತಿದ್ದರು, ಫ್ರೆಂಚರು ಹಲವು ಬಾರಿ ಎರಡನೆಯದರಿಂದ ಹಾಯಿ ಮತ್ತು ಹಗ್ಗಗಳನ್ನು ಗುರಿಯಿಡುತ್ತಿದ್ದರು. ಎರಡು ನೌಕಾಪಡೆಗಳ ಮನೋಧರ್ಮವೇ ಈ ವ್ಯತ್ಯಾಸದಲ್ಲಿದೆ ಎಂದು ನನಗನ್ನಿಸುತ್ತದೆ. ಒಂದಕ್ಕೆ ಯುದ್ಧ ಮುಗಿಸುವ ಹಟ, ಇನ್ನೊಂದಕ್ಕೆ ತನ್ನ ಹಡಗನ್ನು ಉಳಿಸಿಕೊಂಡು ಒಪ್ಪಿಸಿದ ಕೆಲಸ ಪೂರೈಸುವ ಎಚ್ಚರ.

ಫಿರಂಗಿಗಳ ವಿಷಯದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಂಡರೆ ಸಾಕು. ಹಡಗಿನ ಬಲವೆಲ್ಲ ಎರಡು ಪಕ್ಕಗಳಲ್ಲಿದೆ, ಮುಂಬದಿ ಹಿಂಬದಿಗಳಲ್ಲಿ ಹೆಚ್ಚೇನೂ ಇಲ್ಲ. ಹಿಂಬದಿಯಲ್ಲಂತೂ ಕ್ಯಾಪ್ಟನ್‌ನ ಕೋಣೆಯ ಗಾಜಿನ ಕಿಟಕಿಗಳು. ಶತ್ರು ಅಡ್ಡಲಾಗಿ ಬಂದು ಹಿಂದಿನಿಂದ ಹೊಡೆದರೆ ಗುಂಡು ಹಡಗಿನ ಉದ್ದಕ್ಕೂ ಓಡುತ್ತಾ ಹೋಗುತ್ತದೆ, ತಡೆಯುವ ಗೋಡೆಯೇ ಇಲ್ಲ. ಇದನ್ನು ರೇಕಿಂಗ್ ಎನ್ನುತ್ತಾರೆ. ಹಡಗುಗಳು ಒಂದರ ಸುತ್ತ ಒಂದು ಸುತ್ತುವುದೆಲ್ಲ ಈ ಜಾಗಕ್ಕಾಗಿ. ಇನ್ನು ಗುಂಡಿಗಿಂತ ಹೆಚ್ಚು ಗಾಯ ಮಾಡುತ್ತಿದ್ದದ್ದು ಗುಂಡು ಬಡಿದಾಗ ಸಿಡಿಯುವ ಓಕ್ ಮರದ ಚೂರುಗಳು. ವಿಯರ್ ಅವರ ಚಿತ್ರದ ಮೊದಲ ಕಾಳಗದಲ್ಲಿ ಡೆಕ್ಕಿನ ಕೆಳಗೆ ಏನು ಹಾರುತ್ತಿದೆ ಎಂದು ಗಮನಿಸಿ, ಅಲ್ಲಿ ಬೆಂಕಿಯ ಉಂಡೆಗಳಿಗಿಂತ ಮರದ ಸಿಬಿರೇ ಹೆಚ್ಚು. ಮದ್ದಿನ ಚೀಲಗಳನ್ನು ಓಡಿ ತಂದುಕೊಡುವವರು ಹುಡುಗರು.

ಐದು ದೃಶ್ಯ, ಐದು ಗಾಳಿ

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಚಿತ್ರವನ್ನು ಮತ್ತೆ ನೋಡಿದರೆ ಅದರ ಬೆನ್ನೆಲುಬು ಕಾಣಿಸುತ್ತದೆ.

ಆರಂಭದಲ್ಲಿ ಮಂಜು. ಅಕೆರಾನ್ ಮಂಜಿನೊಳಗಿಂದ ಹೊಡೆಯುತ್ತದೆ, ಸರ್ಪ್ರೈಸ್‌ನ ಚುಕ್ಕಾಣಿ ಹಾಳಾಗುತ್ತದೆ. ಆಗ ಆಬ್ರಿ ದೋಣಿಗಳನ್ನು ಇಳಿಸಿ, ಹುಟ್ಟುಹಾಕಿಸಿ, ಇಡೀ ಫ್ರಿಗೇಟನ್ನು ಹಗ್ಗದಿಂದ ಎಳೆಸಿ ಮಂಜಿನ ಮರೆಗೆ ಸೇರಿಸುತ್ತಾನೆ. ಗಾಳಿಯೂ ಚುಕ್ಕಾಣಿಯೂ ಕೈಕೊಟ್ಟಾಗ ಉಳಿಯುವುದು ಮನುಷ್ಯರ ತೋಳು ಮಾತ್ರ ಎಂಬುದನ್ನು ಒಂದು ಮಾತೂ ಇಲ್ಲದೆ ಹೇಳಿದ ದೃಶ್ಯ ಇದು. ಎರಡನೆಯ ಭೇಟಿಯಲ್ಲಿ ಅನುಕೂಲ ಮತ್ತೆ ಶತ್ರುವಿನದು, ಆದ್ದರಿಂದ ಆಬ್ರಿ ಓಡುತ್ತಾನೆ. ಕತ್ತಲಾದ ಮೇಲೆ ತೆಪ್ಪದ ಮೇಲೆ ದೀಪಗಳನ್ನು ಕಟ್ಟಿ ತೇಲಿಬಿಟ್ಟು, ತನ್ನ ದೀಪ ಆರಿಸಿ, ಬೇರೆ ದಿಕ್ಕಿಗೆ ಜಾರುತ್ತಾನೆ.

ಮೂರನೆಯದು ಕೇಪ್ ಹಾರ್ನ್‌ನ ಬಿರುಗಾಳಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಪ್ರಕಾರದಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ದೃಶ್ಯವನ್ನು ನಾನು ನೋಡಿಲ್ಲ. ಶತ್ರುವನ್ನು ಹಿಡಿಯುವ ಆತುರಕ್ಕೆ ಆಬ್ರಿ ಹೆಚ್ಚು ಹಾಯಿ ಬಿಚ್ಚಿಸುತ್ತಾನೆ. ಹಿಂದಿನ ಕೂವೆಕಂಬದ ಮೇಲ್ಭಾಗ ಮುರಿಯುತ್ತದೆ, ಮೇಲಿದ್ದ ವಾರ್ಲಿ ಎಂಬ ನಾವಿಕ ನೀರಿಗೆ ಬೀಳುತ್ತಾನೆ. ಮುರಿದ ಮರ ಹಗ್ಗಗಳಿಗೆ ಸಿಕ್ಕಿಕೊಂಡು ಹಡಗಿನ ಹಿಂದೆ ತೇಲುತ್ತಿದೆ. ವಾರ್ಲಿ ಅದರತ್ತ ಈಜುತ್ತಿದ್ದಾನೆ, ಅದೊಂದೇ ಅವನಿಗೆ ಆಸರೆ. ಆದರೆ ಅದೇ ಮರ ಹಡಗನ್ನು ಹಿಂದಕ್ಕೆ ಎಳೆಯುವ ಲಂಗರಿನಂತಾಗಿದೆ. ಹಾಗೇ ಬಿಟ್ಟರೆ ಹಡಗು ಓರೆಯಾಗಿ ತಿರುಗಿ, ಅಲೆಗಳಿಗೆ ಪಕ್ಕ ಕೊಟ್ಟು ಮಗುಚುತ್ತದೆ. ಆಬ್ರಿ ಕೊಡಲಿ ಎತ್ತುತ್ತಾನೆ. ಜೊತೆಗೆ ಕೊಡಲಿ ಹಿಡಿಯುವವರಲ್ಲಿ ವಾರ್ಲಿಯ ಗೆಳೆಯ ನೇಗಲ್ ಕೂಡ ಇದ್ದಾನೆ. ನೂರಾರು ಜನರ ಜೀವಕ್ಕೆ ಒಂದು ಜೀವ ಎಂಬ ಲೆಕ್ಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಗ್ಗದ ಬಿಗಿತ ಮತ್ತು ಅಲೆಯ ದಿಕ್ಕು ಅದನ್ನು ಹೇಳುತ್ತವೆ. ತಾಂತ್ರಿಕ ವಿವರ ಇಲ್ಲಿ ನೈತಿಕ ಪ್ರಶ್ನೆಯೇ ಆಗಿಬಿಡುತ್ತದೆ. ಪರೀಕ್ಷೆಯಲ್ಲಿ ದೃಶ್ಯ ವಿಶ್ಲೇಷಣೆ ಕೇಳಿದರೆ ಇದನ್ನೇ ಆರಿಸಿಕೊಳ್ಳಿ.

ನಾಲ್ಕನೆಯದು ಗಾಳಿಯೇ ಇಲ್ಲದ ದಿನಗಳು. ಬಿಸಿಲು, ನೀರಿನ ಕೊರತೆ, ಜೋತುಬಿದ್ದ ಹಾಯಿ. ಕೆಲಸವಿಲ್ಲದ ನಾವಿಕರು ಕಾರಣ ಹುಡುಕತೊಡಗುತ್ತಾರೆ. ಹಡಗಿಗೆ ಅಪಶಕುನ ಹೊತ್ತು ತಂದವನು ಹಾಲಮ್ ಎಂಬ ಅಳ್ಳೆದೆಯ ಕಿರಿಯ ಅಧಿಕಾರಿ ಎಂದು ನಿರ್ಧರಿಸುತ್ತಾರೆ. ಅವನಿಗೆ ಅಗೌರವ ತೋರಿದ್ದಕ್ಕೆ ನೇಗಲ್‌ಗೆ ಚಾವಟಿ ಏಟು ಬೀಳುತ್ತದೆ. ಕೊನೆಗೆ ಹಾಲಮ್ ಫಿರಂಗಿ ಗುಂಡನ್ನು ಅಪ್ಪಿಕೊಂಡು ರಾತ್ರಿ ನೀರಿಗೆ ಹಾರುತ್ತಾನೆ. ಗಾಳಿ ನಿಂತಾಗ ಹಡಗೆಂಬ ಪುಟ್ಟ ಸಮಾಜ ಹೇಗೆ ತನ್ನೊಳಗೇ ಬಲಿ ಹುಡುಕುತ್ತದೆ ಎಂಬುದು ಇಲ್ಲಿಯ ವಿಷಯ.

ಐದನೆಯದು ಉಪಾಯ. ಮ್ಯಾಚುರಿನ್ ಬಳಿಯಿದ್ದ ಕಡ್ಡಿಹುಳು ಕಡ್ಡಿಯಂತೆ ವೇಷ ಹಾಕುವುದನ್ನು ಕಂಡು ಆಬ್ರಿ ತನ್ನ ಹಡಗಿಗೆ ತಿಮಿಂಗಿಲ ಬೇಟೆಯ ಹಡಗಿನ ವೇಷ ತೊಡಿಸುತ್ತಾನೆ. ಎಣ್ಣೆ ಕಾಯಿಸುವ ಒಲೆಯಿಂದ ಏಳುವಂಥ ದಟ್ಟ ಹೊಗೆಯನ್ನೂ ಎಬ್ಬಿಸುತ್ತಾನೆ. ಅಕೆರಾನ್ ಸರ್ಕಾರದ ಪರವಾನಗಿ ಪಡೆದ ಖಾಸಗಿ ಯುದ್ಧನೌಕೆ. ಅದರ ಲಾಭ ಇರುವುದು ಸರಕನ್ನು ಹಾಳಾಗದಂತೆ ವಶಪಡಿಸಿಕೊಳ್ಳುವುದರಲ್ಲಿ. ಹಾಗಾಗಿ ಅದು ಗುಂಡು ಹಾರಿಸದೆ ಹತ್ತಿರ ಬರುತ್ತದೆ. ಆಬ್ರಿ ಹೊಡೆಸುವುದು ಅದರ ನಡುಗೂವೆಗೆ. ದಪ್ಪ ಮರದ ಒಡಲನ್ನು ಭೇದಿಸಲಾಗದು, ಆದರೆ ಗಾಳಿಯನ್ನು ಕಿತ್ತುಕೊಳ್ಳಬಹುದು. ಆ ಮೇಲೆ ಬರುವ ಕತ್ತಿಕಾಳಗ ಚೆನ್ನಾಗಿದೆ, ಆದರೆ ಗೆಲುವು ಕೂವೆಕಂಬ ಬಿದ್ದಾಗಲೇ ತೀರ್ಮಾನವಾಗಿತ್ತು.

ಹಡಗು ಎಲ್ಲಿಂದ ಬಂತು

ತೆರೆಯ ಮೇಲಿನ ಸರ್ಪ್ರೈಸ್‌ನ ಬಹುಪಾಲು ‘ರೋಸ್’ ಎಂಬ ಪ್ರತಿಕೃತಿ ಹಡಗು. ಹದಿನೆಂಟನೇ ಶತಮಾನದ ಬ್ರಿಟಿಷ್ ಹಡಗೊಂದರ ಮಾದರಿಯಲ್ಲಿ 1970ರಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಲುನನ್‌ಬರ್ಗ್‌ನಲ್ಲಿ ಕಟ್ಟಿದ್ದು. ಈಗ ಸ್ಯಾನ್ ಡಿಯಾಗೊದ ಕಡಲ ವಸ್ತುಸಂಗ್ರಹಾಲಯದಲ್ಲಿದೆ. ಮೆಕ್ಸಿಕೊದ ರೊಸಾರಿಟೊದಲ್ಲಿ ‘ಟೈಟಾನಿಕ್’ಗಾಗಿ ಕಟ್ಟಿದ್ದ ಬೃಹತ್ ನೀರಿನ ತೊಟ್ಟಿಯಲ್ಲಿ ಅಲುಗಾಡಿಸಬಲ್ಲ ಇನ್ನೊಂದು ಪೂರ್ಣಗಾತ್ರದ ಹಡಗನ್ನು ನಿರ್ಮಿಸಿ ಚಿತ್ರೀಕರಿಸಿದರು. ಬಿರುಗಾಳಿಯ ಅಲೆಗಳಿಗಾಗಿ ಛಾಯಾಗ್ರಾಹಕರೊಬ್ಬರು ಕ್ಯಾಪ್ಟನ್ ಕುಕ್‌ನ ‘ಎಂಡೆವರ್’ ಹಡಗಿನ ಪ್ರತಿಕೃತಿಯಲ್ಲಿ ನಿಜವಾಗಿಯೂ ಕೇಪ್ ಹಾರ್ನ್ ಸುತ್ತಿ ಬಂದರು. ಗಾಳಿಯ ಸದ್ದಿಗಾಗಿ ಮರದ ಚೌಕಟ್ಟಿಗೆ ಹಗ್ಗಗಳನ್ನು ಬಿಗಿದು, ಪಿಕಪ್ ಟ್ರಕ್ಕಿನ ಮೇಲಿಟ್ಟು, ಮೊಹಾವಿ ಮರುಭೂಮಿಯ ಗಾಳಿಗೆ ಎದುರಾಗಿ ಓಡಿಸಿ ಧ್ವನಿಮುದ್ರಣ ಮಾಡಿದರು. ಚಿತ್ರಕ್ಕೆ ಬಂದ ಎರಡು ಆಸ್ಕರ್‌ಗಳು ಛಾಯಾಗ್ರಹಣಕ್ಕೆ ರಸಲ್ ಬಾಯ್ಡ್ ಅವರಿಗೆ, ಧ್ವನಿ ಸಂಕಲನಕ್ಕೆ ರಿಚರ್ಡ್ ಕಿಂಗ್ ಅವರಿಗೆ. ಎರಡೂ ಸರಿಯಾದ ಕೈ ಸೇರಿವೆ.

ಇತಿಹಾಸದ ವಿದ್ಯಾರ್ಥಿಗಳು ಗುರುತಿಸಬೇಕಾದ ಬದಲಾವಣೆಗಳೂ ಇವೆ. ಮೂಲ ಕಾದಂಬರಿಯಲ್ಲಿ ಶತ್ರು ಅಮೆರಿಕದ ಹಡಗು, ಹಿನ್ನೆಲೆ ಬ್ರಿಟನ್ ಮತ್ತು ಅಮೆರಿಕದ ನಡುವಿನ 1812ರ ಯುದ್ಧ. ಚಿತ್ರದಲ್ಲಿ ಅದು 1805ರ ಫ್ರೆಂಚ್ ಹಡಗಾಗಿದೆ. ಹಾಲಿವುಡ್ ಚಿತ್ರದಲ್ಲಿ ಅಮೆರಿಕನ್ನರನ್ನು ಖಳರಾಗಿಸಲು ಒಲ್ಲದ ಜಾಣತನ ಇದರಲ್ಲಿ ಕಾಣುತ್ತದೆ, ನನಗೆ ಇದು ಚಿತ್ರದ ದೊಡ್ಡ ನಷ್ಟ. ಆದರೂ ಅಕೆರಾನ್‌ನ ರೂಪಕ್ಕೆ ಮಾದರಿ ಬಾಸ್ಟನ್‌ನಲ್ಲಿ 1797ರಲ್ಲಿ ನೀರಿಗಿಳಿದ ಅಮೆರಿಕದ ‘ಕಾನ್ಸ್ಟಿಟ್ಯೂಷನ್’, ಅದು ಬಾಸ್ಟನ್ನಿನಲ್ಲಿ ಇಂದೂ ತೇಲುತ್ತಿದೆ. ನಿಜವಾದ ಸರ್ಪ್ರೈಸ್ ಫ್ರೆಂಚರಿಂದ 1796ರಲ್ಲಿ ವಶಪಡಿಸಿಕೊಂಡ ಹಡಗು, 1802ರಲ್ಲೇ ನೌಕಾಪಡೆ ಅದನ್ನು ಮಾರಿತ್ತು. ಮ್ಯಾಚುರಿನ್ ಕಣ್ಣಿಗೆ ಬೀಳುವ ಹಾರಲಾರದ ನೀರುಕಾಗೆ ವಿಜ್ಞಾನದ ದಾಖಲೆಗೆ ಬಂದದ್ದು 1898ರಲ್ಲಿ, ಡಾರ್ವಿನ್ ಗ್ಯಾಲಪಗೋಸ್‌ಗೆ ಹೋದದ್ದು 1835ರಲ್ಲಿ. ಹಾಗಾಗಿ ಆ ವೈದ್ಯ ಹಕ್ಕಿಯನ್ನು ಕಂಡೂ ಬಿಟ್ಟು ಓಡಬೇಕಾಗುವುದು ಕಥೆಗೂ ಇತಿಹಾಸಕ್ಕೂ ಏಕಕಾಲಕ್ಕೆ ಹೊಂದುತ್ತದೆ.

ಈ ಕಾಲದ ಫ್ರಿಗೇಟ್ ಒಂದನ್ನು ಕಣ್ಣಾರೆ ಕಾಣಬೇಕೆಂದರೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿರುವ ‘ಟ್ರಿಂಕೊಮಲಿ’ ಇದೆ. ಓಕ್ ಮರದ ಅಭಾವದಿಂದ ಬ್ರಿಟಿಷ್ ನೌಕಾಪಡೆ ಅದನ್ನು ಮುಂಬಯಿಯಲ್ಲಿ ಕಟ್ಟಿಸಿತು. ಕಟ್ಟಿದವರು ವಾಡಿಯಾ ಮನೆತನದವರು, ಮರ ಮಲಬಾರಿನ ತೇಗ, ನೀರಿಗಿಳಿದದ್ದು 1817ರಲ್ಲಿ. ಪಶ್ಚಿಮಘಟ್ಟದ ತೇಗ ಆ ನೌಕಾಪಡೆಯ ಬೆನ್ನುಮೂಳೆಯಲ್ಲಿ ಸೇರಿದೆ ಎಂಬುದನ್ನು ನಮ್ಮ ತರಗತಿಗಳಲ್ಲಿ ಯಾಕೆ ಹೇಳುವುದಿಲ್ಲವೋ.

ಹೋಲಿಕೆಗೆ: ಬೌಂಟಿ

ಎರಡನೇ ಪಠ್ಯವಾಗಿ ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗಿನಲ್ಲಿ ನಾವಿಕರು ತಮ್ಮ ಕ್ಯಾಪ್ಟನ್ ವಿರುದ್ಧ ಎದ್ದ ದಂಗೆಯ ಚಿತ್ರಗಳನ್ನು ಇಟ್ಟುಕೊಳ್ಳಿ. 1935ರಲ್ಲಿ ಚಾರ್ಲ್ಸ್ ಲಾಟನ್, 1962ರಲ್ಲಿ ಟ್ರೆವರ್ ಹೊವರ್ಡ್, 1984ರಲ್ಲಿ ಆಂಟನಿ ಹಾಪ್ಕಿನ್ಸ್ ಕ್ಯಾಪ್ಟನ್ ಬ್ಲೈ ಆಗಿದ್ದಾರೆ. ಲಾಟನ್ ಅವರ ಬ್ಲೈ ಕ್ರೌರ್ಯದ ಮೂರ್ತಿ. ನಟನೆ ಅಮೋಘ, ಆದರೆ ಹಡಗಿನಡಿ ಎಳೆಸಿ ಕೊಲ್ಲುವಂಥ ಶಿಕ್ಷೆಗಳು ಬೌಂಟಿಯಲ್ಲಿ ನಡೆದಿರಲಿಲ್ಲ. ದಂಗೆಗೆ ಕಾರಣ ಒಬ್ಬನ ಸ್ವಭಾವ ಎಂದುಬಿಟ್ಟರೆ ಕಥೆ ಸುಲಭವಾಗುತ್ತದೆ. ದಾಖಲೆಗಳಲ್ಲಿ ಕಾಣುವ ಸರಪಳಿ ಬೇರೆ. 1788ರಲ್ಲಿ ಬ್ಲೈ ಕೇಪ್ ಹಾರ್ನ್ ದಾಟಲು ಸುಮಾರು ಒಂದು ತಿಂಗಳು ಪಶ್ಚಿಮದ ಎದುರುಗಾಳಿಯೊಡನೆ ಹೆಣಗಿದ. ಆಗಲಿಲ್ಲ. ತಿರುಗಿ ಆಫ್ರಿಕಾದ ತುದಿಯ ಮೂಲಕ ಅರ್ಧ ಭೂಗೋಳ ಸುತ್ತಿ ಅಕ್ಟೋಬರ್‌ನಲ್ಲಿ ತಾಹಿತಿ ತಲುಪಿದ. ವೆಸ್ಟ್ ಇಂಡೀಸ್‌ನ ಗುಲಾಮರ ಆಹಾರಕ್ಕೆಂದು ಒಯ್ಯಬೇಕಿದ್ದ ದೀವಿಹಲಸಿನ ಸಸಿಗಳು ಬೇರೂರಬೇಕಿತ್ತು, ಮುಂದಿನ ದಾರಿಗೆ ಗಾಳಿಯೂ ಅನುಕೂಲವಾಗಬೇಕಿತ್ತು. ನಾವಿಕರು ಐದು ತಿಂಗಳಿಗೂ ಮಿಕ್ಕಿ ದ್ವೀಪದಲ್ಲಿ ಉಳಿದರು, ಅಲ್ಲಿಯವರೊಂದಿಗೆ ಬಾಳು ಕಟ್ಟಿಕೊಂಡರು. ಮತ್ತೆ ಹಡಗಿನ ಶಿಸ್ತಿಗೆ ಮರಳಿ ಮೂರು ವಾರ ಕಳೆಯುವಷ್ಟರಲ್ಲಿ, 1789ರ ಏಪ್ರಿಲ್ 28ರಂದು, ದಂಗೆಯೆದ್ದರು.

1984ರ ಚಿತ್ರ ಕೇಪ್ ಹಾರ್ನ್‌ನ ಆ ಸೋಲನ್ನು ತೋರಿಸುತ್ತದೆ, ಬ್ಲೈನನ್ನು ಮನುಷ್ಯನಾಗಿಯೂ ಕಾಣುತ್ತದೆ. ಆದ್ದರಿಂದ ಮೂರರಲ್ಲಿ ನಾನು ಮೊದಲು ನೋಡಲು ಹೇಳುವುದು ಅದನ್ನೇ, ಆಮೇಲೆ 1935ರದ್ದು. ಎರಡನ್ನೂ ನೋಡಿದ ಮೇಲೆ ಬರೆಯಬಹುದಾದ ಪ್ರಬಂಧದ ವಿಷಯ ಇದು: ಬ್ಲೈ ಮೊದಲ ಯತ್ನದಲ್ಲೇ ಕೇಪ್ ಹಾರ್ನ್ ದಾಟಿದ್ದರೆ ಯಾವ ಚಿತ್ರದ ಕಥೆ ಕುಸಿಯುತ್ತಿತ್ತು, ಯಾವುದು ಹಾಗೆಯೇ ನಿಲ್ಲುತ್ತಿತ್ತು?