ಚೀಟಿಯಲ್ಲಿ ಉಳಿದ ಒಂದು

ಕಂಪ್ಯೂಟರಿಗೆ ಏನಾದರೂ ಆದರೆ ನಮ್ಮ ಕೊಡಗಿನಲ್ಲಿ ಮೊದಲ ಪ್ರಶ್ನೆ, "ಯಾವ ಲಿಂಕ್ ಒತ್ತಿದೆ?" ಏನೂ ಒತ್ತದೆ ಸುಮ್ನೆ ಕೂತಿದ್ದವರಿಗೂ ಇದೇ ಬೈಗುಳ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವರ್ಮ್ (ತಾನಾಗಿ ಹರಡುವ ಕುತಂತ್ರಾಂಶ), ಯಾರ ಬೆರಳಿಗೂ ಕಾಯಲಿಲ್ಲ. ಫೈಲ್ ಹಂಚಿಕೊಳ್ಳುವ ವಿಂಡೋಸ್‌ನ ಎಸ್‌ಎಂಬಿ ಸೇವೆ 445ನೇ ಪೋರ್ಟ್‌ನಲ್ಲಿ (ನೆಟ್‌ವರ್ಕ್ ಕಡೆಯ ನಂಬರಿನ ಬಾಗಿಲಲ್ಲಿ) ದುರಸ್ತಿ ಇಲ್ಲದೆ ತೆರೆದಿದ್ದರೆ ಸಾಕಿತ್ತು.

ಅಲ್ಲಿದ್ದ ತಪ್ಪು ಎಷ್ಟು ಚಿಕ್ಕದು ಗೊತ್ತಾ? ಕಾಫಿ ಗೋಡೌನ್ ನೆನೆಸಿಕೊಳ್ಳಿ. ಲಾರಿ ಬಂತು, ಚೀಟಿಯಲ್ಲಿ 100 ಚೀಲ. ಲೆಕ್ಕ ಬರೆಯುವ ರೈಟರು ನೋಡಿದರೆ ಲೆಕ್ಕಕ್ಕೆ ಸೇರುವುದು 95 ಮಾತ್ರ. ಅಷ್ಟಕ್ಕೇ ಜಾಗ ಮಾಡಿಸಿ, ಚೀಟಿ ತಿದ್ದುತ್ತಾರೆ. ಆದರೆ ತಿದ್ದಿದ್ದು ಕೊನೆಯ ಎರಡು ಅಂಕಿಯನ್ನಷ್ಟೇ. ಮುಂದಿನ 1 ಹಾಗೇ ಉಳಿಯಿತು. ಚೀಟಿ ಈಗ 195! ಲೋಡ್ ಇಳಿಸುವ ಹುಡುಗರು ಚೀಟಿ ನೋಡಿ ಇಳಿಸುತ್ತಲೇ ಇರುತ್ತಾರೆ. ಕಳ್ಳ ಜಾಸ್ತಿ ಚೀಲ ತುಂಬಿಸಿಯೇ ಕಳಿಸಿದ್ದಾನೆ. ಹೆಚ್ಚಾದ ನೂರು ಚೀಲ ಪಕ್ಕದ ಕೋಣೆಗೆ ನುಗ್ಗುತ್ತವೆ. ಅದು ಸಾಹುಕಾರರ ಆಫೀಸು. ಚೀಲದೊಳಗೆ ಕಾಫಿ ಇಲ್ಲ, ಕಳ್ಳ ಬರೆದ ಅಪ್ಪಣೆಗಳಿವೆ. ಅಲ್ಲಿ ಸಿಕ್ಕಿದ ಕಾಗದವನ್ನೆಲ್ಲ ಸಾಹುಕಾರರ ಮಾತೆಂದೇ ಆಳುಗಳು ಪಾಲಿಸುತ್ತಾರೆ.

ಎಸ್‌ಎಂಬಿಯಲ್ಲಿ ಆಗಿದ್ದೂ ಇದೇ. ಓಎಸ್/2 ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಮಾದರಿಯ ಪಟ್ಟಿಯನ್ನು ಹೊಸ ಮಾದರಿಗೆ ಬದಲಿಸುವಾಗ, 32 ಬಿಟ್‌ಗಳ (0 ಅಥವಾ 1 ಎಂಬ ಅಂಕಿಗಳ) ಅಳತೆಯಲ್ಲಿ ಕೆಳಗಿನ 16 ಬಿಟ್ ಮಾತ್ರ ತಿದ್ದಲಾಗುತ್ತಿತ್ತು. ಅದೂ ಕರ್ನಲ್‌ನಲ್ಲಿ, ಅಂದರೆ ಇಡೀ ವಿಂಡೋಸನ್ನು ಆಳುವ ತಿರುಳಿನಲ್ಲಿ! 1988ರ ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ ಒಂದು ಕೂಡ ಹೀಗೇ ತುಂಬಿ ಹರಿದ ಜಾಗ. ಸುಮಾರು ಮೂವತ್ತು ವರ್ಷವಾದರೂ ಅದೇ ಚೀಟಿ, ಅದೇ ರೈಟರು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ತೂತು ಮುಚ್ಚುವ ಪ್ಯಾಚ್, ಎಂಎಸ್17-010, 2017ರ ಮಾರ್ಚ್ 14ಕ್ಕೇ ಬಂದಿತ್ತು. ದಾಳಿಗೆ ಸುಮಾರು ಎರಡು ತಿಂಗಳು ಮೊದಲೇ! ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಇಟ್ಟು ಹೂ ಮುಡಿಸುತ್ತೇವೆ. ಅಪ್‌ಡೇಟ್ ಕೇಳಿದರೆ "ಆಮೇಲೆ" ಅನ್ನುತ್ತೇವೆ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಒಪ್ಪಿದೆ. ಬಿಸಿಲು ಬಂದ ಮೇಲಾದರೂ ಮಾಡಬಹುದಲ್ವಾ?

ಕಾಯಿಕೊರಕದ ಕಾಟ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಉದುರಿದ ಕಾಯಿ ಹೆಕ್ಕದೆ ಬಿಟ್ಟ ಒಂದು ತೋಟದಿಂದ ಹುಳ ಸುತ್ತಲಿನ ತೋಟಕ್ಕೆಲ್ಲ ಹೋಗುತ್ತದೆ. ಆಫೀಸಿನ ಮೂಲೆಯಲ್ಲಿ ಪ್ಯಾಚ್ ಕಾಣದ ಹಳೆಯ ಕಂಪ್ಯೂಟರ್ ಅಂಥ ತೋಟ. ಅದಕ್ಕೆ ಪ್ಯಾಚ್ ಹಾಕುವವರೆಗೆ ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯನ್ನು ನಿಲ್ಲಿಸಿ, ಫೈರ್‌ವಾಲ್‌ನಲ್ಲಿ 445 ಮುಚ್ಚಿ. ಬ್ಯಾಕಪ್ ಡಿಸ್ಕನ್ನು ಸದಾ ಸಿಕ್ಕಿಸಿಡಬೇಡಿ, ಅದರಲ್ಲಿದ್ದ ಫೈಲಿಗೂ ಬೀಗ ಬೀಳುತ್ತದೆ. ಪರದೆಯಲ್ಲಿ ಹಣ ಕೇಳುವ ಕೆಂಪು ಕಿಟಕಿ ಕಂಡರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ರಿಪೇರಿಯವರಿಗೆ ಫೋನ್ ಆಮೇಲೆ.