ಹಳೆ ಬೋರ್ಡಿಗೆ 16 ಜಿಬಿ: ಎಚ್61, ಎಚ್81 ಬೋರ್ಡುಗಳಲ್ಲಿ ರ‍್ಯಾಮ್ ಲೆಕ್ಕ

ಇಂಟೆಲ್ ಕೋರ್‌ನ ಎರಡು, ಮೂರನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಮದರ್‌ಬೋರ್ಡು ಎಚ್61 ಇರುವ ಸಾಧ್ಯತೆ ಹೆಚ್ಚು; ನಾಲ್ಕನೇ ತಲೆಮಾರಿನದಾದರೆ ಎಚ್81. ಎರಡರಲ್ಲೂ ಸಾಮಾನ್ಯವಾಗಿ ಎರಡೇ ಸ್ಲಾಟು, ಡಿಡಿಆರ್3, ಗರಿಷ್ಠ 16 ಜಿಬಿ. 8 ಜಿಬಿ ಸಾಲದೆ ವಿಂಡೋಸ್ ಪೇಜ್ ಫೈಲಿಗೆ (ರ‍್ಯಾಮ್ ಬದಲು ಡಿಸ್ಕಿನಲ್ಲಿ ಬಳಸುವ ಜಾಗ) ಇಳಿದಾಗ ಆಟ ತಡೆತಡೆದು ಓಡುತ್ತದೆ. ರ‍್ಯಾಮ್ ಹೆಚ್ಚಿಸಿದರೆ ಹೋಗುವುದು ಈ ತಡೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿನ ಕೈಯಲ್ಲಿದೆ, ಅದು ಜಿಗಿಯುತ್ತದೆಂದು ದುಡ್ಡು ಹಾಕಬೇಡಿ. ಒಂದೇ ಸ್ಟಿಕ್ ಇದ್ದ ಕಡೆ ಎರಡಾದಾಗ ಮಾತ್ರ ಡ್ಯುಯಲ್ ಚಾನೆಲ್‌ನಿಂದ (ಎರಡೂ ಸ್ಟಿಕ್ಕನ್ನು ಒಟ್ಟಿಗೆ ಓದುವುದರಿಂದ) ಅಲ್ಲೂ ಸ್ವಲ್ಪ ಲಾಭ ಕಾಣುತ್ತದೆ.

ಒಂದೇ ಸ್ಲಾಟಿಗೆ 16 ಜಿಬಿ ಏಕೆ ಆಗುವುದಿಲ್ಲ

ಎಲ್ಲರೂ ಎಡವುವುದು ಇಲ್ಲೇ. "ಗರಿಷ್ಠ 16 ಜಿಬಿ" ಎಂದಿದ್ದರೆ ಒಂದೇ 16 ಜಿಬಿ ಸ್ಟಿಕ್ ಹಾಕಿ ಇನ್ನೊಂದು ಸ್ಲಾಟು ಖಾಲಿ ಬಿಡಬಹುದಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ಮಿತಿ ಇರುವುದು ಒಟ್ಟು ಮೊತ್ತಕ್ಕಲ್ಲ, ಸ್ಟಿಕ್ಕಿನ ಮೇಲಿರುವ ಒಂದೊಂದು ಕಪ್ಪು ಚಿಪ್ಪಿಗೆ. ಆ ಮಿತಿ ಇಡುವುದು ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್.

ಲೆಕ್ಕ ಹೀಗೆ. ಕಂಟ್ರೋಲರ್ ಒಂದು ಸಲಕ್ಕೆ 64 ಬಿಟ್ ಓದುತ್ತದೆ. ಚಿಪ್ ಒಂದೊಂದು 8 ಬಿಟ್ ಅಗಲವಾದರೆ 64 ತುಂಬಲು 8 ಚಿಪ್ ಬೇಕು. ಈ 8 ಚಿಪ್ಪಿನ ತಂಡವೇ ಒಂದು ರ‍್ಯಾಂಕ್. ಸ್ಟಿಕ್ಕಿನ ಎರಡು ಬದಿಗೂ ತಂಡ ಕೂರಿಸಿದರೆ ಎರಡು ರ‍್ಯಾಂಕ್, 16 ಚಿಪ್. ನಾಲ್ಕನೇ ತಲೆಮಾರಿನ ತನಕದ ಇಂಟೆಲ್ ಡೆಸ್ಕ್‌ಟಾಪ್ ಕಂಟ್ರೋಲರ್‌ಗೆ ಗೊತ್ತಿರುವ ಅತಿ ದೊಡ್ಡ ಚಿಪ್ 4 ಗಿಗಾಬಿಟ್‌ನದು, ಅಂದರೆ 512 ಎಂಬಿ. 16 ಚಿಪ್ × 512 ಎಂಬಿ = 8 ಜಿಬಿ. ಸ್ಟಿಕ್ಕಿನ ತುದಿ ಅಲ್ಲಿಗೆ ಮುಗಿಯಿತು. 16 ಜಿಬಿಯ ಡಿಡಿಆರ್3 ಸ್ಟಿಕ್ಕಿನಲ್ಲಿ 8 ಗಿಗಾಬಿಟ್ ಚಿಪ್ ಇರುತ್ತದೆ; ಕಂಟ್ರೋಲರ್‌ಗೆ ಅದರ ವಿಳಾಸ ಹಾಕಲು ಬರುವುದಿಲ್ಲ, ಪಿಸಿ ಏಳುವುದೇ ಇಲ್ಲ. ಬಯಾಸ್ (ಪಿಸಿ ಏಳಿಸುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿದರೂ ಇದು ಸರಿಹೋಗದು.

ಇನ್ನೂ ಹಳೆಯ ಜಿ41 ಬೋರ್ಡಿಗೂ ಇದೇ ಸೂತ್ರ, ಅಂಕೆ ಮಾತ್ರ ಅರ್ಧ. ಅದಕ್ಕೆ 2 ಗಿಗಾಬಿಟ್ ಚಿಪ್ಪೇ ಮಿತಿ. ಹಾಗಾಗಿ 4 ಜಿಬಿ ಸ್ಟಿಕ್ಕಿನಲ್ಲಿ 16 ಚಿಪ್ ಇರಲೇಬೇಕು. 8 ಚಿಪ್ಪಿನ 4 ಜಿಬಿ ಸ್ಟಿಕ್ ಎಚ್61ರಲ್ಲಿ ಸಲೀಸಾಗಿ ಓಡುತ್ತದೆ, ಜಿ41ರಲ್ಲಿ ಓಡುವುದಿಲ್ಲ.

16 ಚಿಪ್ ಎಣಿಸಿದರೂ ಮೋಸ ಹೋಗುವುದು

ಎಎಂಡಿ ಪ್ರೊಸೆಸರ್‌ಗಷ್ಟೇ ಎಂದು ಮಾರುವ ಅಗ್ಗದ "ಎಎಂಡಿ ಓನ್ಲಿ" 8 ಜಿಬಿ ಸ್ಟಿಕ್ಕಿನಲ್ಲೂ 16 ಚಿಪ್ಪೇ ಇರುತ್ತವೆ. ಆದರೆ ಅವು 4 ಬಿಟ್ ಅಗಲದವು: 16 × 4 = 64, ಒಂದೇ ರ‍್ಯಾಂಕ್. ಇಂಟೆಲ್‌ನ ಡೆಸ್ಕ್‌ಟಾಪ್ ಕಂಟ್ರೋಲರ್ 4 ಬಿಟ್ ಚಿಪ್ ಒಪ್ಪುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಥರ. ಹಾಗಾಗಿ ಚಿಪ್ ಮೇಲಿನ ನಂಬರ್ ಓದುವುದನ್ನು ಕಲಿಯಲೇಬೇಕು, ಮೊಬೈಲ್ ಕ್ಯಾಮೆರಾ ಜೂಮ್ ಸಾಕು.

ಸ್ಯಾಮ್‌ಸಂಗ್ ಚಿಪ್ಪಿನಲ್ಲಿ ಕೆ4ಬಿ4ಜಿ0846 ಎಂದಿದ್ದರೆ "4ಜಿ" ಎಂಬುದು 4 ಗಿಗಾಬಿಟ್, "08" ಎಂಬುದು 8 ಬಿಟ್ ಅಗಲ. ಇದು ನಮಗೆ ಬೇಕಾದ್ದು. ಅದೇ ಜಾಗದಲ್ಲಿ "04" ಕಂಡರೆ ಸ್ಟಿಕ್ ವಾಪಸ್ ಕೊಡಿ. ಹೈನಿಕ್ಸ್‌ನಲ್ಲಿ ಎಚ್5ಟಿಕ್ಯು4ಜಿ83 ಸರಿ, 4ಜಿ43 ಬೇಡ. ಸ್ಟಿಕ್ಕಿನ ಲೇಬಲ್‌ನಲ್ಲಿ 2ಆರ್×8 ಎಂದು ಅಚ್ಚಾಗಿದ್ದರೆ ಇಷ್ಟು ಕಷ್ಟವಿಲ್ಲ: ಎರಡು ರ‍್ಯಾಂಕ್, 8 ಬಿಟ್. ×4 ಕಂಡರೆ ಮುಟ್ಟಬೇಡಿ. ಹೀಟ್ ಸ್ಪ್ರೆಡರ್ (ಲೋಹದ ಹೊದಿಕೆ) ಹಾಕಿದ ಸ್ಟಿಕ್ಕಿನಲ್ಲಿ ಚಿಪ್ ಕಾಣುವುದೇ ಇಲ್ಲ. ಹೆಸರಿಲ್ಲದ ಕಂಪನಿಯದಾದರೆ ನನ್ನ ಮತ ಬಿಟ್ಟುಬಿಡುವುದೇ.

ಅದೇ ಲೇಬಲ್‌ನಲ್ಲಿ ಪಿಸಿ3-12800 ಆದಮೇಲಿನ ಅಕ್ಷರ "ಯು" ಇರಬೇಕು. "ಆರ್" ಇದ್ದರೆ ಸರ್ವರ್‌ನಿಂದ ಬಿಚ್ಚಿದ ರಿಜಿಸ್ಟರ್ಡ್ ರ‍್ಯಾಮ್. ಸ್ಲಾಟಿಗೆ ಕೂರುತ್ತದೆ, ಓಡುವುದಿಲ್ಲ.

12800 ಅಂದರೆ 1600 ವೇಗ (1600 × 8 ಬೈಟ್). ಎಚ್61ರ ಮೇಲೆ ಎರಡನೇ ತಲೆಮಾರಿನ ಪ್ರೊಸೆಸರ್ ಇದ್ದರೆ 1333ಕ್ಕೆ, ಮೂರನೆಯದಿದ್ದರೆ 1600ಕ್ಕೆ ನಿಲ್ಲುತ್ತದೆ. 1866, 2133ರ ಸ್ಟಿಕ್ಕಿಗೆ ಹೆಚ್ಚಿಗೆ ಕೊಡುವುದು ದಂಡ. 4 ಮತ್ತು 8 ಜಿಬಿ ಬೆರೆಸಬಹುದು. ಎರಡರ 4-4 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ, ಉಳಿದ 4 ಜಿಬಿ ಸಿಂಗಲ್‌ನಲ್ಲಿ ಓಡುತ್ತದೆ. 1.35 ವೋಲ್ಟ್‌ನ ಡಿಡಿಆರ್3ಎಲ್ ಸ್ಟಿಕ್ 1.5 ವೋಲ್ಟ್‌ನಲ್ಲೂ ನಡೆಯುತ್ತದೆ.

ಮುಂಬೈಯ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮುಂಚೆ

ಪಿಸಿಯ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ (ರ‍್ಯಾಮ್ ವಿವರದ) ಟ್ಯಾಬ್, ಮೇನ್‌ಬೋರ್ಡ್ ಟ್ಯಾಬ್ ಎರಡರ ಫೋಟೋ ಮೊಬೈಲಿನಲ್ಲಿರಲಿ. ಬೋರ್ಡಿನ ಮೇಲೆ ಅಚ್ಚಾದ ರಿವಿಷನ್ ನಂಬರ್ ಕೂಡ. ಒಂದೇ ಹೆಸರಿನ ಬೋರ್ಡಿಗೆ ರಿವಿಷನ್ ಬದಲಾದರೆ ಬಯಾಸ್ ಫೈಲೂ ಬದಲಾಗಬಹುದು. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದರೆ ನಡೆದೇ ಹೋಗಬಹುದು. ಹಳೆಯ ರ‍್ಯಾಮ್ ಕೊಳ್ಳುವಾಗ ಅಂಗಡಿಯಲ್ಲಿ ಇಂಟೆಲ್ ಬೋರ್ಡಿನ ಮೇಲೇ ಹಾಕಿ ತೋರಿಸಲು ಹೇಳಿ. ಎಎಂಡಿ ಬೋರ್ಡಿನ ಮೇಲೆ ಎದ್ದು ಕೂತ ಸ್ಟಿಕ್ ನಮಗೆ ಯಾವ ಖಾತರಿಯೂ ಅಲ್ಲ. ಎಷ್ಟು ದಿನದೊಳಗೆ ಬದಲಿಸಿ ಕೊಡುತ್ತಾರೆ ಅನ್ನುವುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಹಾಕುವುದು, ಹಾಕಿದ ಮೇಲೆ

ಪವರ್ ಕೇಬಲ್ ಕಿತ್ತು, ಆನ್ ಬಟನ್ ಕೆಲ ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ ಆಮೇಲೆ ಕೈಹಾಕಿ. ಮಳೆಗಾಲದ ಮುಂಬೈ ತೇವಕ್ಕೆ ಹಳೆ ಸ್ಟಿಕ್ಕಿನ ಕಾಲುಗಳ ಮೇಲೆ ಮಬ್ಬು ಪದರ ಕೂತಿರುತ್ತದೆ. ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ.

ಡಿಸ್‌ಪ್ಲೇ ಬರದಿದ್ದರೆ ಒಂದೇ ಸ್ಟಿಕ್ ಇಟ್ಟು ಸಿಮಾಸ್ ಕ್ಲಿಯರ್ ಮಾಡಿ (ಬಯಾಸ್ ಸೆಟ್ಟಿಂಗನ್ನು ಮೊದಲಿನ ಸ್ಥಿತಿಗೆ ತನ್ನಿ). ಎರಡೂ ಸ್ಟಿಕ್ ಒಂದೊಂದಾಗಿ ಮೊದಲ ಸ್ಲಾಟಿನಲ್ಲಿ ಓಡಿ, ಎರಡನೆಯದರಲ್ಲಿ ಯಾವುದೂ ಓಡದಿದ್ದರೆ ರ‍್ಯಾಮನ್ನು ದೂರಬೇಡಿ. ಸ್ಲಾಟಿನೊಳಗೆ ಧೂಳು ನೋಡಿ. ಅದಿಲ್ಲದಿದ್ದರೆ ಕೂಲರ್ ಓರೆಯಾಗಿ ಬಿಗಿದಿರಬಹುದು, ಇಲ್ಲವೇ ಪ್ರೊಸೆಸರ್ ಸಾಕೆಟ್ಟಿನ ಒಂದು ಪಿನ್ ಬಾಗಿರಬಹುದು. ಮೆಮೊರಿ ಕಂಟ್ರೋಲರ್ ಪ್ರೊಸೆಸರ್‌ನಲ್ಲೇ ಇರುವುದರಿಂದ ಒಂದು ಪಿನ್ ತಪ್ಪಿದರೂ ಇಡೀ ಚಾನೆಲ್ ಹೋಗಬಹುದು. ಕೂಲರ್ ತೆಗೆದರೆ ಹೊಸ ಥರ್ಮಲ್ ಪೇಸ್ಟ್ ಹಾಕದೆ ಮತ್ತೆ ಕೂರಿಸಬೇಡಿ.

ಬಯಾಸ್ 16 ಜಿಬಿ ತೋರಿಸಿ ವಿಂಡೋಸ್ ಕಡಿಮೆ ತೋರಿಸಿದರೆ, ಮೊದಲು ವಿಂಡೋಸ್ 64 ಬಿಟ್ ಹೌದೇ ನೋಡಿ. ಆಮೇಲೆ ಎಂಎಸ್‌ಕಾನ್ಫಿಗ್‌ನಲ್ಲಿ ಬೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ "ಮ್ಯಾಕ್ಸಿಮಮ್ ಮೆಮೊರಿ" ಟಿಕ್ ಇದ್ದರೆ ತೆಗೆಯಿರಿ. ವಿಂಡೋಸ್ 7 ಹೋಮ್ ಬೇಸಿಕ್ ಇನ್ನೂ ಇದ್ದರೆ ಅದರ ಮಿತಿಯೇ 8 ಜಿಬಿ. ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86ರ ನಾಲ್ಕೂ ಪಾಸ್ (ಸುತ್ತು) ರಾತ್ರಿಯಿಡೀ ಓಡಲಿ. ಒಂದು ಕೆಂಪು ಸಾಲು ಬಂದರೂ ಬಿಲ್ ಹಿಡಿದು ಸ್ಟಿಕ್ ಬದಲಿಸಿಕೊಳ್ಳಿ.