ಫುಲ್ ಟ್ಯಾಂಕ್ ಮಾಡಿಸಿದಾಗ ಮಾತ್ರ ಬರುವ ಪೆಟ್ರೋಲ್ ವಾಸನೆ

ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಯಾರಾದರೂ ಗ್ಯಾರೇಜಿಗೆ ಬಂದರೆ, ಗಾಡಿಯನ್ನು ಲಿಫ್ಟಿಗೆ ಏರಿಸುವ ಮೊದಲೇ ನಾನು ಒಂದು ಪ್ರಶ್ನೆ ಕೇಳುತ್ತೇನೆ: ವಾಸನೆ ಬಂದಾಗ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು? ಟ್ಯಾಂಕ್ ತುಂಬಿಸಿದ ಮೊದಲ ಎರಡು ಮೂರು ದಿನ ಬಂದು, ಮುಳ್ಳು ಅರ್ಧಕ್ಕಿಳಿದ ಮೇಲೆ ತಾನಾಗಿ ನಿಲ್ಲುವ ವಾಸನೆಯಾದರೆ, ಸೋರಿಕೆ ಟ್ಯಾಂಕಿನ ತಳದಲ್ಲಲ್ಲ, ಮೇಲ್ಭಾಗದಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಎಂಜಿನ್ ಓಡುವಾಗ ಮಾತ್ರ ಬಂದರೆ, ಒತ್ತಡದಲ್ಲಿ ಪೆಟ್ರೋಲ್ ಸಾಗಿಸುವ ಪೈಪು ಮತ್ತು ಅದರ ಜೋಡಣೆಗಳನ್ನು ಮೊದಲು ನೋಡಬೇಕು. ಗಾಡಿಯ ಕೆಳಗೆ ಪೆಟ್ರೋಲ್ ತೊಟ್ಟಿಕ್ಕಿ ನೆಲ ಒದ್ದೆಯಾಗಿದ್ದರೆ ಮಾತ್ರ ಸ್ಟಾರ್ಟ್ ಮಾಡಲೇಬಾರದು. ಟೋ ಮಾಡಿಸಿಯೇ ತರಬೇಕು.

ಇತ್ತೀಚೆಗೆ ಬಂದ ಒಂದು ಹಳೆಯ ಹ್ಯಾಚ್‌ಬ್ಯಾಕ್‌ನಲ್ಲಿ ಮೊದಲ ಬಗೆಯ ದೂರಿತ್ತು. ಬೇರೊಂದು ಕಡೆ, ಟ್ಯಾಂಕಿನೊಳಗೆ ಕೂರುವ ಅದರ ಪೆಟ್ರೋಲ್ ಪಂಪ್ ಬದಲಿಸಿದ್ದರು, ವಾಸನೆ ಶುರುವಾದದ್ದು ಅದಾದ ಮೇಲೆಯೇ. ಹಿಂದಿನ ಸೀಟನ್ನು ಎತ್ತಿ, ಕೆಳಗಿನ ತಗಡಿನ ಮುಚ್ಚಳ ಬಿಚ್ಚಿದಾಗ, ಪಂಪಿನ ಸುತ್ತ ಕೂತಿದ್ದ ಕೆಂಪು ಧೂಳಿನಲ್ಲಿ ಒಂದೇ ಕಡೆ, ಎರಡು ಬೆರಳಿನಗಲ, ತೇವದಿಂದ ಕಪ್ಪಾದ ಗುರುತಿತ್ತು. ನನ್ನ ಹುಡುಗರಿಗೆ ನಾನು ಪದೇಪದೇ ಹೇಳುವ ಮಾತಿದು: ಧೂಳನ್ನು ಒರೆಸುವ ಮೊದಲು ಕಣ್ಣಿಟ್ಟು ನೋಡಿ, ಸೋರಿಕೆ ಎಲ್ಲಿದೆ ಎಂಬುದು ಅದರಲ್ಲೇ ಬರೆದಿರುತ್ತದೆ. ಪಂಪ್ ಹೊಸದಾಗಿದ್ದರೂ, ಅದಕ್ಕೂ ಟ್ಯಾಂಕಿಗೂ ನಡುವಿನ ಸಂದನ್ನು ಮುಚ್ಚುವ ರಬ್ಬರ್ ರಿಂಗ್ ಹಳೆಯದೇ ಆಗಿತ್ತು. ಪೆಟ್ರೋಲಿನಲ್ಲಿ ವರ್ಷಗಟ್ಟಲೆ ನೆನೆದ ರಿಂಗ್ ಉಬ್ಬಿ ದೊಡ್ಡದಾಗಿರುವುದರಿಂದ, ಒಮ್ಮೆ ಹೊರತೆಗೆದರೆ ತನ್ನ ತೋಡಿನಲ್ಲಿ ಮತ್ತೆ ಸರಿಯಾಗಿ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಎಲ್ಲಾದರೊಂದು ಕಡೆ ಮಡಚಿಕೊಳ್ಳುತ್ತದೆ.

ಕಣ್ಣಿಗೆ ಏನೂ ಕಾಣದಿದ್ದಾಗ ಹೊಗೆಯ ಪರೀಕ್ಷೆ ಮಾಡುತ್ತೇವೆ. ಟ್ಯಾಂಕಿನ ಆವಿ ಹೊರಹೋಗದಂತೆ ಹೀರಿಟ್ಟುಕೊಳ್ಳುವ ಇದ್ದಿಲಿನ ಡಬ್ಬಿಯ, ಅಂದರೆ ಕ್ಯಾನಿಸ್ಟರಿನ, ಗಾಳಿದ್ವಾರವನ್ನು ಮುಚ್ಚಿ, ಸುಮಾರು ಅರ್ಧ ಪಿಎಸ್‌ಐ ಒತ್ತಡದಲ್ಲಿ ಹೊಗೆಯನ್ನು ಒಳಗೆ ಬಿಟ್ಟರೆ, ಟ್ಯಾಂಕಿನ ಗಾಳಿ, ಆವಿ ಓಡಾಡುವ ಬ್ರೀದರ್ ಪೈಪಿನ ಬಿರುಕಿನಿಂದಲೋ ಟ್ಯಾಂಕಿನ ಕ್ಯಾಪಿನ ಅಂಚಿನಿಂದಲೋ ತೆಳುವಾದ ಎಳೆಯೊಂದು ಏಳುತ್ತದೆ. ಹೊಗೆಯನ್ನು ತಳ್ಳಲು ಸಾರಜನಕವೇ ಒಳ್ಳೆಯದು. ಟೈರಿಗೆ ಮೂವತ್ತು ಪಿಎಸ್‌ಐ ಗಾಳಿ ತುಂಬುವ ಕಂಪ್ರೆಸರಿನ ಪೈಪನ್ನು ಟ್ಯಾಂಕಿಗೆ ಹಿಡಿಯುವುದನ್ನು ನಾನು ಕಂಡಿದ್ದೇನೆ. ಅದರಿಂದ ಟ್ಯಾಂಕ್ ಉಬ್ಬಿ ಒಡೆಯಬಹುದು, ಆವಿಯೊಂದಿಗೆ ಆಮ್ಲಜನಕವೂ ಬೆರೆಯುತ್ತದೆ.

ಟ್ಯಾಂಕ್ ತುಂಬಿ ಬಂಕಿನ ನಳಿಗೆ ತಾನಾಗಿ ನಿಂತ, ಅಂದರೆ ಆಟೋ ಕಟ್ ಆದ ಮೇಲೂ ಬಿಲ್ಲಿನ ಮೊತ್ತ ರೌಂಡ್ ಆಗಲೆಂದು ಇನ್ನಷ್ಟು ಹಾಕಿಸುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಆವಿಗೆಂದು ಮಾಡಿದ ಕ್ಯಾನಿಸ್ಟರಿನೊಳಗೆ ಹಾಗೆ ದ್ರವವೇ ನುಗ್ಗಿದರೆ ಇದ್ದಿಲು ಕೆಡುತ್ತದೆ. ಇನ್ನು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮಾತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಈ ಇಂಧನಕ್ಕೆಂದು ರೂಪಿಸದ ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪು ಮತ್ತು ರಿಂಗುಗಳನ್ನು ಪ್ರತಿ ಸರ್ವೀಸಿನಲ್ಲೂ ಮುಟ್ಟಿ ನೋಡುವುದು ಒಳ್ಳೆಯದು.

ಟ್ಯಾಂಕೇ ತೂತಾಗಿದ್ದರೆ, ದಾರಿಯಲ್ಲಿ ಸೋಪು ತಿಕ್ಕಿಯೋ ಅಂಟು ಮೆತ್ತಿಯೋ ಸೋರಿಕೆ ತಡೆದದ್ದನ್ನು ರಿಪೇರಿ ಎಂದು ತಿಳಿಯಬಾರದು. ಪ್ಲಾಸ್ಟಿಕ್ ಟ್ಯಾಂಕನ್ನು ಬದಲಿಸುವುದೇ ಸರಿ. ತಗಡಿನ ಟ್ಯಾಂಕಿಗೆ ಬೆಸುಗೆ ಹಾಕಿಸುವವರು, ಖಾಲಿಯಾಗಿದೆಯಲ್ಲ ಎಂದು ಧೈರ್ಯ ತಾಳುವುದೇ ನನಗೆ ಅತ್ಯಂತ ಭಯ ಹುಟ್ಟಿಸುವ ಸಂಗತಿ. ಗಾಳಿಯಲ್ಲಿ ಸುಮಾರು ಶೇಕಡ 1.4ರಿಂದ 7.6ರಷ್ಟು ಆವಿಯಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ, ಬರಿದಾದ ಟ್ಯಾಂಕಿನಲ್ಲಿ ಇರುವುದು ಅಂಥ ಮಿಶ್ರಣವೇ ಆಗಿರಬಹುದು.

ಆ ಹ್ಯಾಚ್‌ಬ್ಯಾಕ್‌ಗೆ ಹೊಸ ರಿಂಗ್ ಹಾಕಿದ ಬಳಿಕ, ಆಟೋ ಕಟ್ ಆಗುವವರೆಗೆ ಪೆಟ್ರೋಲ್ ತುಂಬಿಸಿ, ರಾತ್ರಿಯಿಡೀ ತೆರೆದ ಅಂಗಳದಲ್ಲಿ ನಿಲ್ಲಿಸಿದೆವು. ಬೆಳಿಗ್ಗೆ ಬಿಳಿಯ ಟಿಶ್ಯೂ ಕಾಗದವನ್ನು ಪಂಪಿನ ಸುತ್ತಲೂ ಒತ್ತಿ ನೋಡಿದೆ. ಕಾಗದ ಒಣಗಿಯೇ ಇತ್ತು.